ಕೋಷ್ಟಕ ಸರಿಹೋದ ಮೇಲೆ

ಬ್ರೈಲ್ ಪುಸ್ತಕ ಅಚ್ಚು ಹಾಕುವ ಆ ಮುದ್ರಣಾಲಯದಲ್ಲಿ ಪ್ರೋಗ್ರಾಮು ಬರೆಯಬಲ್ಲವಳು ಅವಳೊಬ್ಬಳೇ. ಎಲ್ಲರೂ ಅವಳನ್ನು ಕೋಡಮ್ಮ ಎನ್ನುತ್ತಿದ್ದರು. ಮೊದಮೊದಲು ಮೂಗು ಮುರಿಯುತ್ತಿದ್ದವಳು ಆಮೇಲಾಮೇಲೆ ಫೋನಿನಲ್ಲಿ ತಾನೇ ಹಾಗೆ ಹೇಳಿಕೊಳ್ಳತೊಡಗಿದಳು. ಶಾಲೆಗಳು ಪಠ್ಯಪುಸ್ತಕಗಳನ್ನು ಡಾಕ್ಯುಮೆಂಟ್ ಫೈಲುಗಳಾಗಿ ಕಳಿಸುತ್ತಿದ್ದವು. ಅವನ್ನು ಪರದೆಯ ಮೇಲೆ ತೆರೆದು ನೋಡಿ, ಉಬ್ಬು ಚುಕ್ಕೆಗಳ ಫೈಲಾಗಿ ಬದಲಾಯಿಸುವ ಪ್ರೋಗ್ರಾಮು ಅವಳ ಪಾಲಿಗೆ ಬಂದಿತ್ತು. ಫೈಲು ತೆರೆಯುವ, ಪುಟ ತೋರಿಸುವ, ಬೇರೆ ರೂಪಕ್ಕೆ ತರುವ ಕೋಡನ್ನು ಯಾರೋ ಪುಣ್ಯಾತ್ಮರು ಮೊದಲೇ ಬರೆದು ಕಟ್ಟಿಟ್ಟಿದ್ದರು. ಅಂಥ ಕಟ್ಟಿಗೆ ಅವಳ ಕಸುಬಿನವರು ಲೈಬ್ರರಿ ಎನ್ನುತ್ತಾರೆ. ಅದನ್ನು ಪಳಗಿಸುವುದೇ ಅವಳ ಕೆಲಸ.

ಚುಕ್ಕೆ ಸರಿಯಾಗಿ ಬಿದ್ದಿದೆಯೇ ಎಂದು ಓದಿ ಹೇಳಲು ವಾರಕ್ಕೊಮ್ಮೆ ಮೇಷ್ಟ್ರು ಬರುತ್ತಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣದವರು; ಮನೆಪಾಠ ಹೇಳಿಕೊಂಡು ಒಬ್ಬರೇ ಇದ್ದರು. ಅವಳ ಬಾಯಲ್ಲಿ ಲೈಬ್ರರಿ ಎಂಬ ಮಾತನ್ನು ಮೊದಲ ದಿನವೇ ಹತ್ತಾರು ಸಲ ಕೇಳಿ, "ಪುಸ್ತಕವೇ ಇಲ್ಲ, ಸುಮ್ಮನಿರಿ ಅನ್ನೋರೂ ಇಲ್ಲ, ಇದೆಂಥ ಲೈಬ್ರರಿ ಮೇಡಂ?" ಎಂದಿದ್ದರು. ಅವಳು ನಕ್ಕಿದ್ದು ಪಕ್ಕದ ಕೋಣೆಯವರೆಗೂ ಕೇಳಿಸಿತ್ತು.

ಯಂತ್ರ ಟಕಟಕ ಬಡಿದು ದಪ್ಪ ಹಾಳೆಗಳನ್ನು ಹೊರಗೆ ತಳ್ಳುತ್ತಿತ್ತು. ಮೇಷ್ಟ್ರು ಹಾಳೆಯನ್ನು ಅಂಗೈಯಿಂದ ಒಮ್ಮೆ ಸವರಿ, ಎರಡು ತೋರುಬೆರಳು ಹರಿಸುತ್ತ ಗಟ್ಟಿಯಾಗಿ ಓದುವರು. ಅವಳು ಪರದೆಯಲ್ಲಿ ಅದೇ ಸಾಲನ್ನು ಹಿಡಿದು ಬರುವಳು. ಎದುರಿನವರಿಗೆ ಕಾಣುವುದಿಲ್ಲವೆಂಬ ಧೈರ್ಯದಿಂದ ನಡುನಡುವೆ ಅವರನ್ನು ಕಣ್ತುಂಬ ನೋಡುವಳು. ಆದರೆ ಅವಳ ದನಿ ಕೊಂಚ ಕುಂದಿದರೂ ಸಾಕು, ಊಟವಾಯಿತೇ, ತಲೆನೋವೇ ಎಂದು ಅವರು ವಿಚಾರಿಸಿಬಿಡುತ್ತಿದ್ದರು. ಆಗೆಲ್ಲ ಅವಳಿಗೆ ಸಿಕ್ಕಿಬಿದ್ದ ಕಳ್ಳಿಯಂತಾಗುತ್ತಿತ್ತು.

ಒಂದೊಂದೇ ತಪ್ಪು ತಿದ್ದುತ್ತ ಬಂದಂತೆ ಉಳಿದದ್ದು ಕೋಷ್ಟಕಗಳ ಕಾಟ. ಪುಟ ದಾಟಿದ ಕೋಷ್ಟಕದ ತಲೆಬರಹವನ್ನು ಲೈಬ್ರರಿ ನುಂಗಿಹಾಕುತ್ತಿತ್ತು. ಒಂದು ಸಾಲಿನ ಅಂಕಿ ಇನ್ನೊಂದಕ್ಕೆ ಜಾರುತ್ತಿತ್ತು. ಭೂಗೋಳದ ಪುಸ್ತಕ ಓದುತ್ತ ಮೇಷ್ಟ್ರು, "ಮೇಡಂ, ನಿಮ್ಮ ನದಿ ಬೆಟ್ಟಕ್ಕಿಂತ ಎತ್ತರ ಇದೆ" ಎಂದರು.

ಕೊನೆಗೊಂದು ದಿನ ಗಂಟು ಬಿಚ್ಚಿತು. ತಲೆಬರಹವನ್ನು ಮೊದಲೇ ಎತ್ತಿಟ್ಟುಕೊಂಡು, ಪುಟ ಬದಲಾದಾಗಲೆಲ್ಲ ಮತ್ತೆ ಬರೆಸಿದಳು. ಅಂಕಿಗಳು ತೆಪ್ಪಗೆ ತಂತಮ್ಮ ಸಾಲಿನಲ್ಲಿ ನಿಂತವು. ಕುಣಿಯಬೇಕಿತ್ತು, ಕುರ್ಚಿ ಬಿಟ್ಟು ಏಳಲಿಲ್ಲ. ಇದಾದರೆ ಮೇಷ್ಟ್ರು ಬರುವುದೂ ಮುಗಿಯಿತು. ಮರುದಿನ ಅವರು ಬಂದಾಗ ತಪ್ಪಿದ್ದ ಹಳೆಯ ಹಾಳೆಗಳನ್ನೇ ಮುಂದಿಟ್ಟಳು. ಅವರು ನಗುನಗುತ್ತಲೇ ಓದಿದರು. ಅವಳಿಗೆ ತಲೆ ಎತ್ತಲಾಗಲಿಲ್ಲ. ಪುಸ್ತಕಕ್ಕಾಗಿ ಮಕ್ಕಳು ಕಾಯುತ್ತಿದ್ದಾರೆಂಬುದು ಗೊತ್ತಿತ್ತು.

ಮನೆಯಲ್ಲಿ ಅಕ್ಕನೆದುರು ಎಲ್ಲ ಹೇಳಿಕೊಂಡಳು. ಅಕ್ಕ ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡು, "ಸರಿಯಾದ ಹಾಳೆ ಕೊಡು. ಮಿಕ್ಕಿದ್ದನ್ನ ಬಾಯಿ ಬಿಟ್ಟು ಹೇಳು" ಎಂದಳು.

ಮುಂದಿನ ವಾರ ಹೊಸ ಹಾಳೆಗಳನ್ನು ಕೊಟ್ಟಳು. ಮೇಷ್ಟ್ರು ಕೋಷ್ಟಕಗಳನ್ನೆಲ್ಲ ಓದಿ, ಮತ್ತೆ ಮೊದಲಿನಿಂದ ಓದಿದರು. ಒಂದೂ ತಪ್ಪಿರಲಿಲ್ಲ.

"ಗೆದ್ದುಬಿಟ್ರಿ" ಎಂದರು. ಆಮೇಲೆ ತುಸು ತಡೆದು, "ದೂರದ ಒಂದು ಶಾಲೆಯವರು ಕೆಲಸಕ್ಕೆ ಕರೀತಾನೇ ಇದ್ರು. ಈ ಕೋಷ್ಟಕ ಸರಿಹೋದ ಮೇಲೆ ಬರ್ತೀನಿ ಅಂದಿದ್ದೆ" ಎಂದರು.

ಒಳ್ಳೆಯದಾಗಲಿ ಎಂದಷ್ಟೇ ಅಂದಳು. ಅವರು ಹೋದ ಮೇಲೆ ಹಾಳೆಯ ಮೇಲೆ ಕೈಯಾಡಿಸಿದಳು. ಬೆರಳಿಗೆ ಬರೀ ತರಿತರಿ.

ಪ್ರೋಗ್ರಾಮು ಒಂದೇ ಸಮನೆ ನಡೆಯಿತು. ಫೈಲು ಹಾಕಿದರೆ ಪುಸ್ತಕ. ಯಜಮಾನರು ಹೊಗಳಿದ್ದೇ ಹೊಗಳಿದ್ದು. ವಾರದ ಆ ದಿನ ಬಂದರೆ ಮಾತ್ರ ಬಾಗಿಲ ಸದ್ದಿಗೆಲ್ಲ ಅವಳ ಕತ್ತು ತಿರುಗುತ್ತಿತ್ತು. ಬಂದವನು ಕಾಗದದ ಬಂಡಲು ಹೊತ್ತವನಾಗಿರುತ್ತಿದ್ದ.

ಹೊಸ ಗಣಿತದ ಪುಸ್ತಕ ಬಂತು. ಇಂಥದ್ದನ್ನು ಯಾರಾದರೂ ಓದಿ ನೋಡಲೇಬೇಕೆಂದು ಅವಳು ಹಟ ಹಿಡಿದಳು. ಮೇಷ್ಟ್ರಿಗೆ ಅಂಚೆಯಲ್ಲಿ ಕಳಿಸಿ ಎಂದರು ಯಜಮಾನರು. ಅಂಚೆಯಲ್ಲಿ ಚುಕ್ಕೆಗಳು ಚಪ್ಪಟೆಯಾಗುತ್ತವೆ ಎಂದಳು. ಅದು ಪೂರ್ತಿ ಸುಳ್ಳೂ ಅಲ್ಲ.

ಬಸ್ಸಿನಲ್ಲಿ ಅರ್ಧ ದಿನ ಹಾಳೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು. ಶಾಲೆಯ ಕಾರಿಡಾರಿನಲ್ಲಿ ಮೇಷ್ಟ್ರ ದನಿ ಕೇಳಿಸಿತು. ತರಗತಿ ಮುಗಿದು ಮಕ್ಕಳೆಲ್ಲ ಗೋಡೆ ಸವರುತ್ತ ಹೊರಗೆ ಹೋಗುವ ತನಕ ನಿಂತೇ ಇದ್ದಳು.

"ಮೇಷ್ಟ್ರೇ" ಎಂದಳು.

ಅವರು ಕುರ್ಚಿಯಿಂದ ಅರ್ಧ ಎದ್ದವರು ಹಾಗೆಯೇ ನಿಂತುಬಿಟ್ಟರು. "ಬನ್ನಿ, ಕೂತ್ಕೊಳ್ಳಿ. ಬೆಂಚು ಮಕ್ಕಳದು, ಮಂಡಿ ತಾಗುತ್ತೆ."

ಮಂಡಿ ಮಡಚಿ ಕೂತು ಹಾಳೆಗಳನ್ನು ಕೊಟ್ಟಳು. ಅವರು ಓದತೊಡಗಿದರು. ಎಷ್ಟೋ ಪುಟಗಳಾದ ಮೇಲೆ ಅವಳು ಹೇಳಿದಳು, "ತಪ್ಪಿಲ್ಲ ಅಂತ ನಂಗೆ ಗೊತ್ತು. ನೀವು ಓದೋದು ಕೇಳಬೇಕು ಅನ್ನಿಸ್ತು, ಅದಕ್ಕೇ ಬಂದೆ."

ಬೆರಳು ಸಾಲಿನ ನಡುವೆ ನಿಂತಿತು. ಹೊರಗೆ ಯಾರೋ ನಲ್ಲಿ ತಿರುಗಿಸಿದರು.

"ಕೊನೇ ಬಸ್ಸು ಎಷ್ಟೊತ್ತಿಗೆ?" ಎಂದರು ಮೇಷ್ಟ್ರು.

"ಇನ್ನೂ ಹೊತ್ತಿದೆ."

ಹಾಗಾದರೆ ಸರಿ ಎಂದು ಅವರು ಪುಟವನ್ನು ಮತ್ತೆ ಮೇಲಿನಿಂದ, ಮೊದಲಿಗಿಂತ ನಿಧಾನವಾಗಿ ಓದತೊಡಗಿದರು.