ಅತ್ತೆಯ ಅಂಕಣಕ್ಕೊಂದು ಟಿಪ್ಪಣಿ

ತಿಂಡಿಯ ಹೊತ್ತಿಗೆ ಅಣ್ಣ ಪತ್ರಿಕೆಯಲ್ಲಿ ಬಂದ ಸೋದರತ್ತೆಯ ಅಂಕಣವನ್ನು ಗಟ್ಟಿಯಾಗಿ ಓದಿದ. ಈ ವಾರ ಅವರು ತರಾಟೆಗೆ ತೆಗೆದುಕೊಂಡಿದ್ದು ಯೂನಿಕ್ಸ್ ಕುಲದ, ಭದ್ರತೆಗೆ ಹೆಸರಾದ ಒಂದು ಉಚಿತ ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಮನ್ನು. 'ಕಳ್ಳರನ್ನು ಒಳಗೆ ಬಿಡುವುದಿಲ್ಲ, ನಿಜ. ನನ್ನನ್ನೂ ಬಿಡಲಿಲ್ಲ. ಹಾಕಿಕೊಳ್ಳಲು ಹೋದರೆ ಕಪ್ಪು ಪರದೆ, ಅದರಲ್ಲೊಂದು ಮೊಟಕು ಪ್ರಶ್ನೆ: ಇಡೀ ಡಿಸ್ಕ್ ಬಳಸಲೇ? ಹೂಂ ಎಂದೆ. ನನ್ನ ಹಳೆಯ ಬರಹಗಳೆಲ್ಲ ಅಳಿಸಿಹೋದವು. ಇದನ್ನು ಮಾಡಿದವರು ಮನುಷ್ಯರೊಡನೆ ಮಾತಾಡಿ ಎಷ್ಟು ಕಾಲವಾಯಿತೋ!'

"ನಮ್ಮನೆ ಗುಮ್ಮನಗುಸುಕಿ ಥರಾನೇ," ಎಂದು ಅಣ್ಣ ನನ್ನತ್ತ ಕಣ್ಣು ಮಿಟುಕಿಸಿದ.

ಆ ಸಿಸ್ಟಮ್ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಅದರ ವೆಬ್‌ಸೈಟಿನ ಒಂದು ಪುಟದಲ್ಲಿ ಸೇರಿಸುವವಳು ನಾನೇ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಲ್ಲಿ ತಲೆಯಾಡಿಸಿ ಸುಮ್ಮನಾಗುವವಳು ಅಲ್ಲಿ ಮುಖ ನೋಡದವರೊಡನೆ ಜಗಳವಾಡುತ್ತೇನೆ, ನಗುತ್ತೇನೆ. ನನ್ನದು ಅಂತ ಇರುವುದು ಅದೊಂದೇ ಮೂಲೆ.

ಹೊಗಳಿಕೆಯಿರಲಿ ಬೈಗುಳವಿರಲಿ, ಚಿಕ್ಕ ಟಿಪ್ಪಣಿಯೊಡನೆ ಪುಟಕ್ಕೆ ಸೇರಿಸಬೇಕೆಂಬುದು ಅಲ್ಲಿನ ಪದ್ಧತಿ. ಪುಟದ ಬುಡದಲ್ಲಿ ನನ್ನ ಹೆಸರಿದೆ. ಅತ್ತೆಯೋ, ತಮ್ಮ ಬರಹದ ಬಗ್ಗೆ ಯಾರು ಏನೆಂದರು ಎಂದು ದಿನವೂ ಜಾಲಾಡುವವರು. ಸೇರಿಸಿದರೆ ಸಿಕ್ಕಿಬೀಳುತ್ತೇನೆ. ಬಿಟ್ಟರೆ ಯಾರಿಗೂ ತಿಳಿಯದು. ಆದರೆ ತನ್ನ ಭದ್ರತೆಯ ತೂತುಗಳನ್ನು ತಾನೇ ಮೊದಲು ಸಾರಿ ಹೇಳುವ ಸಿಸ್ಟಮ್ ಅದು. ಅದರ ಪುಟದಲ್ಲಿ ನಾನು ಬೈಗುಳ ಬಚ್ಚಿಡುವುದೇ?

ಬರೆದೆ: 'ಟೀಕೆ ನ್ಯಾಯವಾದದ್ದು. ಹಳೆಯದು ಅಳಿಸಿಹೋಗುತ್ತದೆಂದು ಪ್ರಶ್ನೆಯಲ್ಲೇ ಹೇಳಬೇಕಿತ್ತು. ಆದರೆ ಲೇಖಕಿ ಕೈಪಿಡಿ ಓದಿದಂತಿಲ್ಲ.'

ಮರುದಿನ ಅತ್ತೆ ಚಪ್ಪಲಿ ಬಿಟ್ಟವರೇ ನೇರ ನನ್ನ ಕೋಣೆಗೆ ಬಂದರು.

"ಕೈಪಿಡಿ ಓದಿಲ್ಲ ಅಂತ ನನಗೇ ಬರೆಯೋಷ್ಟು ದೊಡ್ಡವಳಾದ್ಯೇನೇ?"

"ಓದಿದ್ರಾ ಅತ್ತೆ?" ಬಾಯಿ ತಪ್ಪಿ ಬಂದುಬಿಟ್ಟಿತು.

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲ್ಲ ಕಣೇ. ಮೊದಲೇ ನಕಲು ಇಟ್ಕೋ ಅಂತಾನೂ ಅದರಲ್ಲಿ ಇತ್ತಾ?"

"ಮೊದಲ್ನೇ ಪುಟದಲ್ಲೇ."

"ಹಾಳಾಗ್ಲಿ! ಆ ಪ್ರಶ್ನೆ ತೆಗಿ, ಮನುಷ್ಯರು ಕೇಳೋ ಹಾಗೆ ಬರೆದು ಅದನ್ನ ಮಾಡಿದವರಿಗೆ ಕಳಿಸೋಣ." ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ಅವರು ಒಂದು ವಾಕ್ಯ ಹೇಳುವರು, ಉದ್ದವಾಯಿತು ಎಂದು ನಾನು ಕತ್ತರಿಸುವೆ, ಅವರು ರೇಗುವರು, ಯಾಕೆ ಕತ್ತರಿಸಿದೆನೆಂದು ನಾನು ವಿವರಿಸುವೆ.

"ಅತ್ತಿಗೆ, ಒಳಗೆ ಯಾರದು ಅಷ್ಟು ಮಾತು?" ಅಡುಗೆಮನೆಯಿಂದ ಅಮ್ಮ ಕೂಗಿದರು.

"ನಿನ್ನ ಮಗಳದೇ ಕಣೇ," ಎಂದರು ಅತ್ತೆ. "ನನಗೆ ಬಾಯಿ ತೆಗೆಯೋಕೇ ಬಿಡ್ತಿಲ್ಲ!"