ಚಿನ್ನದ ಬೊಂಬೆಯ ಬೆವರು

ತಂಗಿಗೆ ಸಿಕ್ಕಿದ್ದು ಒಂದೂ ಮಾತಿಲ್ಲದ ಪಾತ್ರ. ಅರಮನೆಯ ಚಿನ್ನದ ಬೊಂಬೆಯಾಗಿ ಇಡೀ ಅಂಕ ಅಲುಗಾಡದೆ ನಿಂತು, ಕೊನೆಗೆ ಕಣ್ಣು ತೆರೆಯಬೇಕು. ವರ್ಷಗಟ್ಟಲೆ ಪರದೆಯ ಮರೆಯಲ್ಲಿ ನಿಂತು ಮರೆತವರಿಗೆ ಮಾತು ನೆನಪಿಸುತ್ತಿದ್ದವಳಿಗೆ ಅದೇ ಆಕಾಶ ಸಿಕ್ಕಂತಾಗಿತ್ತು. ಆದರೆ ಮೈತುಂಬ ಬಣ್ಣ ಬಳಿದರೆ ಉಸಿರುಕಟ್ಟಿ ಸಾಯುತ್ತಾರೆಂದು ಯಾರೋ ಅಮ್ಮನ ತಲೆಯಲ್ಲಿ ಹುಳ ಬಿಟ್ಟಿದ್ದರು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅಕ್ಕ ಒಪ್ಪಿದರೆ ಮಾತ್ರ ಪಾತ್ರ, ಇಲ್ಲವಾದರೆ ಇಲ್ಲ ಎಂದು ಅಮ್ಮ ತೀರ್ಮಾನವನ್ನು ದೊಡ್ಡ ಮಗಳ ತಲೆಗೆ ಕಟ್ಟಿದ್ದಳು.

ತಾಲೀಮಿನ ದಿನ ಅಕ್ಕ ಬಣ್ಣದ ಕೋಣೆಗೇ ಬಂದು ಕುಳಿತಳು. ಎಲ್ಲರೂ ಮೇಕಪ್ಪಜ್ಜಿ ಎನ್ನುತ್ತಿದ್ದ ಹಿರಿಯಾಕೆ ಬಟ್ಟಲಲ್ಲಿ ಬಣ್ಣ ಕಲಸುತ್ತಿದ್ದಳು.

"ಬೆನ್ನಲ್ಲಿ ಅಂಗೈಯಗಲ ಜಾಗ ಬಿಡ್ತೀನಿ ಕಣೇ. ಚರ್ಮ ಉಸಿರಾಡ್ಬೇಕಲ್ಲ."

"ಕಪ್ಪೆಗಾದ್ರೆ ಸರಿ ಅಜ್ಜಿ," ಎಂದಳು ಅಕ್ಕ.

"ನಾನು ಕಪ್ಪೆ ಅಲ್ಲ ಅಂತ ಅಮ್ಮನಿಗೆ ನೀನೇ ಹೇಳು," ಎಂದು ತಂಗಿ ಕಿಸಕ್ಕೆಂದಳು.

"ಈಗ ಮೈಮೇಲೆ ಬಣ್ಣ ಇಲ್ಲ ತಾನೆ? ಮೂಗು, ಬಾಯಿ ಮುಚ್ಕೊ. ಬರೀ ಚರ್ಮದಲ್ಲಿ ಉಸಿರಾಡು, ನೋಡೋಣ," ಎಂದಳು ಅಕ್ಕ.

ತಂಗಿ ಮುಚ್ಚಿಕೊಂಡಳು. ಕೆನ್ನೆ ಉಬ್ಬಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಕೊನೆಗೆ ಬುಸ್ಸೆಂದು ಉಸಿರು ಬಿಟ್ಟಳು. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಬೆನ್ನಿಗೂ ಬಣ್ಣ ಬಿತ್ತು.

ಆದರೂ ಅಕ್ಕನ ಮನಸ್ಸನ್ನು ಏನೋ ಕೆದಕುತ್ತಲೇ ಇತ್ತು. ಕಾರಣ ತಪ್ಪಿರಬಹುದು, ಇಷ್ಟು ಜನರ ಭಯ ಬೆಂಕಿಯಿಲ್ಲದ ಹೊಗೆಯೇ? ರಂಗದ ಪಕ್ಕದಲ್ಲಿ ನಿಂತು ನೋಡಿದಳು. ದೀಪಗಳ ಕಾವಿಗೆ ಅಕ್ಕನ ಕುಪ್ಪಸವೇ ಬೆನ್ನಿಗಂಟಿತ್ತು. ರಾಜನ ಗಡ್ಡ ಬೆವರಿಗೆ ಜಾರುತ್ತಿತ್ತು. ಬೊಂಬೆಯ ಮೈ ಮಾತ್ರ ಒಂದು ಹನಿಯಿಲ್ಲದೆ ಥಳಥಳಿಸುತ್ತಿತ್ತು. ಎಷ್ಟು ಚೆಂದ, ಅಂದುಕೊಂಡಳು. ಮರುಕ್ಷಣ ಬೇರೆ ಪ್ರಶ್ನೆ ಬಂತು: ಇವಳ ಬೆವರು ಎಲ್ಲಿ ಹೋಯಿತು? ಬೆವರು ಆರುವಾಗಲೇ ಅಲ್ಲವೇ ಮೈಯ ಕಾವು ಇಳಿಯುವುದು?

ಅಕ್ಕ ನೇರ ರಂಗದ ಮೇಲೆ ನಡೆದಳು.

"ಯಾರ್ರೀ ಅದು, ತಾಲೀಮಿನ ಮಧ್ಯೆ!" ನಿರ್ದೇಶಕ ಕಿರುಚಿದ.

ತಂಗಿ ತುಟಿ ಅಲುಗಿಸದೆ ಗುರುಗುಟ್ಟಿದಳು. "ಹೋಗೇ ಅಕ್ಕಾ, ಮಾನ ಕಳೀಬೇಡ."

ಅಕ್ಕ ಕುತ್ತಿಗೆ ಮುಟ್ಟಿದಳು. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು.

"ತಲೆ ಸುತ್ತುತ್ತಾ?"

"ಸ್ವಲ್ಪ," ಎಂದಿತು ಬೊಂಬೆ.

ಬಣ್ಣ ಒರೆಸಿ, ಒದ್ದೆ ಬಟ್ಟೆ ಸುತ್ತಿ, ನೀರು ಕುಡಿಸಿದ ಮೇಲೆ ತಂಗಿ ಅತ್ತಳು. "ಮುಗೀತಲ್ಲ ನನ್ನ ಪಾತ್ರ."

"ಯಾಕೆ ಮುಗೀಬೇಕು? ಅಪಾಯ ಉಸಿರು ಕಟ್ಟೋದ್ರಿಂದಲ್ಲ, ಬಣ್ಣ ಬೆವರು ತಡೆದು ಮೈ ಕಾಯೋದ್ರಿಂದ. ಮುಖಕ್ಕೆ, ಕೈಗೆ ಮಾತ್ರ ಬಣ್ಣ ಸಾಕು. ಉಳಿದ ಮೈಗೆ ಗಾಳಿಯಾಡೋ ಚಿನ್ನದ ಬಣ್ಣದ ಬಟ್ಟೆ. ಪೀಠದ ಹಿಂದೆ ಒಂದು ಫ್ಯಾನು."

"ಬಟ್ಟೆ ಉಟ್ಟ ಬೊಂಬೆ ಎಲ್ಲಿದೆ?" ನಿರ್ದೇಶಕ ಮುಖ ಗಂಟಿಕ್ಕಿದ.

"ಎಚ್ಚರ ತಪ್ಪಿ ಬೀಳೋ ಬೊಂಬೆ ಎಲ್ಲಿದೆಯಪ್ಪ?" ಎಂದಳು ಅಜ್ಜಿ. ಅವನು ತಲೆ ಕೆರೆದುಕೊಂಡು ಒಪ್ಪಿದ.

ಅಕ್ಕ ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು, ತಲೆ ಸುತ್ತಿದ್ದನ್ನೂ ಮುಚ್ಚಿಡಲಿಲ್ಲ.

"ಆ ಫ್ಯಾನು ನೋಡ್ಕೊಳ್ಳೋರು ಯಾರು?" ಅಮ್ಮ ಕೇಳಿದಳು.

"ಇನ್ನೂ ಯಾರೂ ಇಲ್ಲ."

"ಹಾಗಾದ್ರೆ ನಾನೇ ಬರ್ತೀನಿ. ಎಲ್ಲಿ ಕೂರ್ಬೇಕು ಹೇಳು."