ಬಾಗಿಲಲ್ಲಿ ನಿಲ್ಲುವ ಮುಖ

"ವೀಡಿಯೋದಲ್ಲಿ ನಿಮ್ಮ ಮುಖ ಬತ್ತಿದ ಕೆರೆ ಥರ ಕಾಣ್ತದಂತೆ ಅಕ್ಕ," ಎಂದು ಹರಿಪ್ರಸಾದ್ ನಗುನಗುತ್ತಲೇ ಹೇಳಿದ. ಬೂದಿಗೆರೆ ರಸ್ತೆಯ ಮದುವೆ ಛತ್ರಗಳಿಗೆಲ್ಲ ಕೆಲಸದವರನ್ನು ಒದಗಿಸುವವನು ಅವನೇ. "ನಾನಂದಿದ್ದಲ್ಲ, ಹೋದ್ಸಲದ ಹೆಣ್ಣಿನ ಕಡೆಯೋರು ಅಂದಿದ್ದು. ಈ ಭಾನುವಾರ ಒಂದು ನೋಡೋಣ. ಆಗ್ಲಿಲ್ಲ ಅಂದ್ರೆ ಊಟದ ಹಾಲ್‌ಗೆ ಹಾಕ್ತೀನಿ. ಎಲೆ ಎತ್ತೋರು ಯಾವಾಗ್ಲೂ ಬೇಕು."

ವರಲಕ್ಷ್ಮಮ್ಮ ವರ್ಷಗಟ್ಟಲೆ ಛತ್ರದ ಬಾಗಿಲಲ್ಲಿ ನಿಂತವಳು. ಬಂದವರಿಗೆ ಪನ್ನೀರು ಚಿಮುಕಿಸಿ, ಗುಲಾಬಿ ಕೊಟ್ಟು, ಕಲ್ಲುಸಕ್ಕರೆ ತಟ್ಟೆ ಮುಂದೆ ಹಿಡಿದು ಕೈಮುಗಿಯುವುದು ಅವಳ ಕೆಲಸ. ಮೊದಮೊದಲು ಅವಳನ್ನು ಹುಡುಕಿಕೊಂಡು ಬಂದದ್ದೇ ಮುತ್ತೈದೆ ಎಂಬ ಕಾರಣಕ್ಕೆ. ಆಗ ಚರ್ಮವನ್ನು ಯಾರೂ ನೋಡುತ್ತಿರಲಿಲ್ಲ. ಈಗ ಲೆಹೆಂಗಾ ಉಟ್ಟ ಕಾಲೇಜು ಹುಡುಗಿಯರು ಅಕ್ಕಪಕ್ಕ ನಿಲ್ಲುತ್ತಾರೆ, ಕ್ಯಾಮೆರಾ ಮೂಗಿನ ತುದಿಗೇ ಬರುತ್ತದೆ. ಗಂಡ ಮುನಿರಾಜ್ ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದಿದ್ದಾನೆ.

ಎಲೆ ಎತ್ತುವುದು ಅವಳಿಗೆ ಭಾರವಲ್ಲ. ಆದರೆ ಮಗಳು ಸಿಂಚನಳಿಗೆ ಗಂಡು ನೋಡುತ್ತಿದ್ದಾರೆ. ನೋಡಲು ಬರುವ ಜನವೇ ಈ ಛತ್ರಗಳಿಗೆ ಊಟಕ್ಕೂ ಬರುವವರು. ಬಾಗಿಲಲ್ಲಿ ರೇಷ್ಮೆ ಸೀರೆಯಲ್ಲಿ ನಿಂತವಳ ಮಗಳು ಎಂದರೆ ಒಂದು ಮಾತು, ಎಂಜಲೆಲೆ ಎತ್ತುವವಳ ಮಗಳು ಎಂದರೆ ಬೇರೆಯೇ ಮಾತು.

ಮಾರನೆಯ ದಿನ ದೇವನಹಳ್ಳಿಯ ಫ್ಯಾನ್ಸಿ ಸ್ಟೋರಿಗೆ ಹೋದಳು. ಗಲ್ಲಾದಲ್ಲಿ ಅಂಗಡಿಯ ಹುಡುಗಿ ಸುಮೇರಾ ಕೂತಿದ್ದಳು.

"ಪ್ರೈಮರ್ ಅಂತ ಇರ್ತದಂತಲ್ಲಮ್ಮ?"

"ಗೋಡೆಗೆ ಬಣ್ಣ ಹೊಡೆಯೋಕ್ಕೆ ಮುಂಚೆ ಒಂದು ಹೊಡೀತಾರಲ್ಲಾಂಟಿ, ಅದೇ. ಇದು ಮುಖಕ್ಕೆ."

"ಹಂಗಾದ್ರೆ ಬಿರುಕು ಮುಚ್ಚೋ ಅಂಥದ್ದೇ ಕೊಡು."

"ಅರೆ, ಎಲ್ರೂ ಅದೇ ಕೇಳೋದು! ಅದು ಜಿಡ್ಡು ಮುಖದ ಹುಡುಗೀರಿಗೆ, ಜಿಡ್ಡು ಹೀರೋಕೆ. ನಿಮ್ಮುಖದಲ್ಲಿ ಹೀರೋಕೆ ಏನಿದೆ?"

"ನಿನ್ ಬಾಯಿಗಿಷ್ಟು!" ಎಂದರೂ ವರಲಕ್ಷ್ಮಮ್ಮನಿಗೆ ನಗು ಬಂತು.

ಸುಮೇರಾ ಅವಳ ಎಡಗೈ ಹಿಡಿದು, ಹಿಂಬದಿಗೆ ಎರಡು ಟ್ಯೂಬಿನಿಂದ ಒಂದೊಂದು ತೊಟ್ಟು ಹಚ್ಚಿದಳು. ಮೊದಲನೆಯದು ಗಾರೆ ತೀಡಿದಷ್ಟು ನುಣುಪಾಗಿ ಕೂತಿತು. ಮುಷ್ಟಿ ಕಟ್ಟಿ ಬಿಟ್ಟರೆ ಗೆರೆಗೆರೆಯಲ್ಲೂ ಬಿಳಿ ಪುಡಿ. ಎರಡನೆಯದು ತೆಳ್ಳಗೆ, ತಣ್ಣಗೆ ಚರ್ಮಕ್ಕೆ ಇಳಿದು ಸ್ವಲ್ಪ ಮಿನುಗಿತು.

"ಇದು ತೊಗೊಳ್ಳಿ. ಮೊದ್ಲು ಕ್ರೀಮ್ ಹಚ್ಚಿ, ಅದು ಇಳೀಲಿ. ಆಮೇಲೆ ಇದು, ಮೇಲೆ ಫೌಂಡೇಶನ್ ತೆಳ್ಳಗೆ. ಪೌಡರ್ ಬೇಡ. ಹಚ್ಚಿದ್ಮೇಲೆ ಮಾತ್ರ ನೀರು, ಎಣ್ಣೆ ಸೋಕಿಸ್ಬೇಡಿ, ಉಜ್ಜಲೂ ಬೇಡಿ. ಉಂಡೆ ಉಂಡೆಯಾಗಿ ಕಿತ್ಕೊಂಡು ಬರತ್ತೆ."

"ಒಂದ್ ತೊಟ್ಟು ಕೊಬ್ಬರಿ ಎಣ್ಣೆ?"

"ಕೈ ಮುಗೀತೀನಿ ಆಂಟಿ."

ಭಾನುವಾರ ವರಲಕ್ಷ್ಮಮ್ಮ, ಸುಮೇರಾ ಹೇಳಿದಂತೆಯೇ ಮಾಡಿದಳು. ಛತ್ರದ ಕನ್ನಡಿಯಲ್ಲಿ ಕಂಡ ಮುಖ ಹುಡುಗಿಯದಾಗಿರಲಿಲ್ಲ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಹೆಂಗಸಿನದಾಗಿತ್ತು. ಕ್ಯಾಮೆರಾದವನ ಪರದೆಗೆ ಇಣುಕಿದ ಹರಿಪ್ರಸಾದ್, "ಏನಕ್ಕ, ವಯಸ್ಸು ಮನೇಲಿ ಬಿಟ್ಟು ಬಂದ್ಬಿಟ್ರಾ?" ಎಂದ. ಅವಳು ಪನ್ನೀರುದಾನಿಯನ್ನು ಇನ್ನಷ್ಟು ನೆಟ್ಟಗೆ ಹಿಡಿದಳು.

ಗಂಡಿನ ಕಡೆಯವರ ಬಸ್ಸು ತಿರುವಿಗೆ ಬಂತು ಎನ್ನುವಾಗ ಮದುಮಗಳ ಅಜ್ಜಿ ಅರಿಶಿನದ ಬಟ್ಟಲು ಹಿಡಿದು ಒಳಗಿನಿಂದ ಬಂದರು. ಮುತ್ತೈದೆಯರನ್ನು ಹುಡುಕಿ ಹುಡುಕಿ ಹಚ್ಚುತ್ತಿದ್ದರು. ಲೆಹೆಂಗಾ ಹುಡುಗಿಯರನ್ನು ದಾಟಿ ನೇರ ಇವಳ ಮುಂದೆ ನಿಂತರು.

"ಅಯ್ಯೋ ತಾಯಿ, ಆಗ್ಲಿಂದ ಬರೀ ಕೆನ್ನೇಲಿ ನಿಂತಿದೀಯಾ? ಯಾರೂ ಮುಟ್ಟಿಸ್ಲಿಲ್ವಾ ನಿಂಗೆ?"

ಎಣ್ಣೆಯಲ್ಲಿ ಕಲಸಿದ ಅರಿಶಿನ. ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಸಾಕಿತ್ತು. ಆದರೆ ಮನೆಯಲ್ಲಿ ಮುನಿರಾಜನ ಉಸಿರು ಬೆಳಿಗ್ಗೆ ಹೇಗೆ ಎಳೆಯುತ್ತಿತ್ತು ಎಂಬುದು ಅವಳ ಕಿವಿಯಲ್ಲಿತ್ತು. ತಾನಾಗಿ ಬಂದ ಅರಿಶಿನಕ್ಕೆ ಮುಖ ತಿರುಗಿಸುವುದು ಹೇಗೆ? ಕಣ್ಣು ಮುಚ್ಚಿ ಮುಖ ಕೊಟ್ಟಳು.

ಅಜ್ಜಿ ಎರಡೂ ಅಂಗೈಯಿಂದ, ಹೆತ್ತ ಮಗಳಿಗೆ ಹಚ್ಚುವಂತೆ ಕೆನ್ನೆ ತುಂಬ ತೀಡಿ, "ನೂರು ಕಾಲ ಮುತ್ತೈದೆಯಾಗಿ ಬಾಳು," ಎಂದು ಹೋದರು.

ಅವರ ಬೆರಳು ಹೋದ ದಾರಿಯಲ್ಲೆಲ್ಲ ಬಣ್ಣ ಸುರುಳಿಸುರುಳಿಯಾಗಿ ಎದ್ದಿತು. ಸೆರಗಿನಿಂದ ಒತ್ತಿದರೆ ಇನ್ನೊಂದು ಪದರ ಬಂತು.

ಹರಿಪ್ರಸಾದ್ ಬೈಯಲಿಲ್ಲ. ಪನ್ನೀರುದಾನಿಯನ್ನು ಅವಳ ಕೈಯಿಂದ ತೆಗೆದು ಪಕ್ಕದ ಹುಡುಗಿಗೆ ಕೊಟ್ಟ. "ಬೇಡ ಅನ್ನೋಕ್ಕೇನಾಗಿತ್ತಕ್ಕ?"

"ಅರಿಶಿನ ಕಣಪ್ಪಾ."

"ಸರಿ. ಒಳಗೆ ಹೋಗಿ. ಇನ್ಮೇಲೆ ಅಲ್ಲೇ."

ಆಗಲೇ ವಾಲಗ ಶುರುವಾಗಿತ್ತು. ಕೈ ತೊಳೆಯುವ ನಲ್ಲಿಯಲ್ಲಿ ಮುಖ ತೊಳೆದರೆ ಬಣ್ಣವೆಲ್ಲ ಹೋಯಿತು, ಹಳದಿ ಮಾತ್ರ ಉಳಿಯಿತು. ಮುಹೂರ್ತ ಕಳೆದು, ಊಟದ ಹಾಲ್‌ನಲ್ಲಿ ಮೊದಲನೇ ಪಂಕ್ತಿ ಮುಗಿಯುತ್ತಿತ್ತು. ಬಾಗುವ ಮೊದಲು ಅವಳು ಸಾಲಿನುದ್ದಕ್ಕೂ ಮುಖಗಳನ್ನು ನೋಡಿದಳು. ಗುರುತಿನವರಿಲ್ಲ. ನಾಳೆ ಸಿಂಚನಳನ್ನು ನೋಡಲು ಬರುವವರು ಇವರಲ್ಲಿ ಯಾರಿದ್ದಾರೋ, ಗೊತ್ತಿಲ್ಲ.

ಕೊನೆಯಲ್ಲಿದ್ದ ಹೆಂಗಸು ತನ್ನ ಎಲೆಯನ್ನು ತಾನೇ ಮಡಚಿ ಮುಂದೆ ತಳ್ಳಿದಳು. ಒಳ್ಳೆಯ ಮನಸ್ಸಿನವಳು.

"ಮುಖದ ತುಂಬ ಅರಿಶಿನ ನೋಡಿ ಹೆಣ್ಣಿನ ಕಡೆಯೋರೇನೋ ಅಂದ್ಕೊಂಡೆ. ಯಾವೂರಮ್ಮ ನಿಮ್ಮದು?"

ವರಲಕ್ಷ್ಮಮ್ಮ ಎಲೆ ಎತ್ತಿ ಬುಟ್ಟಿಗೆ ಹಾಕಿದಳು. "ದೂರ. ಈ ಕಡೆಯೋಳಲ್ಲ."

"ಮಕ್ಕಳು?"

"ಇಲ್ಲ," ಎಂದು ಮುಂದಿನ ಎಲೆಗೆ ಬಾಗಿದಳು.